ಉಗ್ರಾಣದ ಬಾಗಿಲಲ್ಲಿ ಕುಳಿತ ಗಣಕ

ಮಲೆನಾಡಿನ ಹಳ್ಳಿಗಳಲ್ಲಿ ಮದುವೆಯ ಹಿಂದಿನ ರಾತ್ರಿಗೆ ಅದರದೇ ಆದ ಒಂದು ಸೊಗಸು. ಹೊತ್ತು ಕಂತಿದ ಮೇಲೆ ಅಕ್ಕಪಕ್ಕದ ಮನೆಯವರೆಲ್ಲ ತಮ್ಮ ತಮ್ಮ ಮೆಟ್ಟುಗತ್ತಿ ಹಿಡಿದುಕೊಂಡು ಮದುವೆ ಮನೆಯ ಚಪ್ಪರಕ್ಕೆ ಬಂದು ಸೇರುತ್ತಾರೆ. ಮಾರನೆಯ ದಿನದ ಅಡಿಗೆಗೆ ತರಕಾರಿ ಹೆಚ್ಚಬೇಕಲ್ಲ! ಒಂದು ಕಡೆ ಬೂದುಗುಂಬಳದ ರಾಶಿ, ಇನ್ನೊಂದು ಕಡೆ ಬದನೆ, ಬೀನ್ಸು, ಸೌತೆ. ಕವಳದ ತಟ್ಟೆ, ಹರಟೆ, ನಗು, ನಡುನಡುವೆ ಕತ್ತಿಯ ಸದ್ದು.

ಈ ಗದ್ದಲದಲ್ಲಿ ಒಬ್ಬರು ಮಾತ್ರ ಕತ್ತಿ ಮುಟ್ಟುವುದಿಲ್ಲ, ಒಲೆಯ ಹತ್ತಿರ ಸುಳಿಯುವುದಿಲ್ಲ. ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು, ಕೈಯಲ್ಲೊಂದು ಪಟ್ಟಿ ಹಿಡಿದು ಉಗ್ರಾಣದ ಬಾಗಿಲಲ್ಲಿ ಕುಳಿತಿರುತ್ತಾರೆ. ಅವರೇ ಉಗ್ರಾಣಿಗಳು. ಯಾರ ಕೈ ಚುರುಕು, ಯಾರದು ನಿಧಾನ, ಯಾರಿಗೆ ಕುಂಬಳಕಾಯಿ ಕೊಡಬೇಕು, ಯಾರಿಗೆ ಬೀನ್ಸು ಸಾಕು ಎಂಬುದೆಲ್ಲ ಅವರ ತಲೆಯಲ್ಲಿರುತ್ತದೆ. ಹತ್ತು ವರ್ಷದ ಮಾಣಿಯೊಬ್ಬ ‘ನಂಗೂ ಕೊಡಿ’ ಎಂದು ಬಂದು ನಿಂತರೆ, ‘ಹೋಗೋ, ನಿನ್ನ ಕೆಲಸ ಮುಗಿಯುವ ಹೊತ್ತಿಗೆ ದಿಬ್ಬಣವೇ ಬಂದಿರ್ತದೆ’ ಎಂದು ಉಳಿದವರು ನಗುತ್ತಾರೆ. ಉಗ್ರಾಣಿಗಳು ನಗುವುದಿಲ್ಲ. ಎರಡು ಹಿಡಿ ಬೀನ್ಸು ತೆಗೆದು ಅವನ ಮುಂದಿಟ್ಟು, ‘ಇದರ ನಾರು ಬಿಡಿಸಿಕೊಂಡು ಬಾ ಮಾಣಿ, ಆಮೇಲೆ ಮತ್ತೆ ಕೊಡ್ತೇನೆ’ ಎನ್ನುತ್ತಾರೆ.

ಇದೇ ಉಗ್ರಾಣಿಯ ಕೆಲಸವನ್ನು ಗಣಕಯಂತ್ರಗಳ ಲೋಕದಲ್ಲಿ ಮಾಡುವ ಒಂದು ಯಂತ್ರವಿದೆ. ಅದಕ್ಕೆ ‘ಹೆಡ್ ನೋಡ್’ ಎಂದು ಹೆಸರು. ಕನ್ನಡದಲ್ಲಿ ಮುಖ್ಯ ಗಣಕ ಎನ್ನೋಣ. ಸೂಪರ್ ಕಂಪ್ಯೂಟರ್ ಎಂದೊಡನೆ ಮಕ್ಕಳ ಕಣ್ಣಮುಂದೆ ಬರುವುದು ಒಂದೇ ಒಂದು ದೈತ್ಯ ಯಂತ್ರದ ಚಿತ್ರ. ಆದರೆ ಇಂದಿನ ಸೂಪರ್ ಕಂಪ್ಯೂಟರ್ ಎಂಬುದು ಸಾಮಾನ್ಯವಾಗಿ ನೂರಾರು, ಸಾವಿರಾರು ಗಣಕಗಳನ್ನು ತಂತಿಯಿಂದ ಬೆಸೆದ ಒಂದು ಸಮೂಹ. ದೊಡ್ಡ ಲೆಕ್ಕವೊಂದನ್ನು ಚೂರು ಚೂರು ಮಾಡಿ ಎಲ್ಲಕ್ಕೂ ಹಂಚಲಾಗುತ್ತದೆ. ಎಲ್ಲವೂ ಏಕಕಾಲಕ್ಕೆ ದುಡಿಯುತ್ತವೆ. ಹಂಚುವ ಕೆಲಸ, ಒಟ್ಟುಗೂಡಿಸುವ ಕೆಲಸ, ಲೆಕ್ಕ ಇಡುವ ಕೆಲಸ ಮುಖ್ಯ ಗಣಕದ್ದು. ಇದು ಸಮೂಹದಲ್ಲೇ ಅತ್ಯಂತ ಬಲಶಾಲಿ ಯಂತ್ರವಾಗಿರಬೇಕು ಎಂದು ಹಲವರು ತಿಳಿಯುತ್ತಾರೆ. ಹಾಗೇನೂ ಇಲ್ಲ. ಉಗ್ರಾಣಿಗೆ ಬೇಕಾದದ್ದು ತೋಳಿನ ಬಲವಲ್ಲ, ಎಚ್ಚರ.

ಈ ಮಾತು ಚೆನ್ನಾಗಿ ಅರ್ಥವಾಗಬೇಕಾದರೆ ಅಮೆರಿಕದಲ್ಲಿ ನಡೆದ ಒಂದು ಕಥೆಯನ್ನು ತಿಳಿಯಬೇಕು.

ಎಸೆದ ಯಂತ್ರಗಳ ಸಾರು

ಟೆನೆಸೀ ರಾಜ್ಯದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ ದೊಡ್ಡ ಹೆಸರಿನ ಸಂಸ್ಥೆ. 1996ರಲ್ಲಿ ಅಲ್ಲಿನ ವಿಲಿಯಂ ಹಾರ್ಗ್ರೋವ್ ಮತ್ತು ಫಾರೆಸ್ಟ್ ಹಾಫ್‌ಮನ್ ಎಂಬಿಬ್ಬರ ಮುಂದೆ ಒಂದು ಸಮಸ್ಯೆ ಇತ್ತು. ಕನ್ನಡಿಗರು ತಮ್ಮ ನಾಡನ್ನು ಕರಾವಳಿ, ಮಲೆನಾಡು, ಬಯಲುಸೀಮೆ ಎಂದು ಗುರುತಿಸುತ್ತಾರಷ್ಟೆ. ಮಳೆ, ಮಣ್ಣು, ಸೆಕೆ, ಗಿಡಮರ ಇವುಗಳ ಹೋಲಿಕೆಯಿಂದ ಹುಟ್ಟಿದ ವಿಭಾಗಗಳಿವು. ಇಂಥದೇ ಪರಿಸರ ವಲಯಗಳನ್ನು ಇಡೀ ಅಮೆರಿಕಕ್ಕೆ, ಅಂದಾಜಿನಿಂದಲ್ಲದೆ ಲೆಕ್ಕದಿಂದಲೇ ಗುರುತಿಸಬೇಕೆಂಬುದು ಅವರ ಹಂಬಲ.

ಒಂದಕ್ಕೊಂದು ಅಂಟಿಕೊಂಡಿರುವ 48 ರಾಜ್ಯಗಳನ್ನು ಒಂದೊಂದು ಚದರ ಕಿಲೋಮೀಟರಿನ ಚೌಕಗಳನ್ನಾಗಿ ಕತ್ತರಿಸಿದರೆ 78 ಲಕ್ಷ ಚೌಕಗಳಾಗುತ್ತವೆ. ಪ್ರತಿ ಚೌಕಕ್ಕೂ ಮಳೆಯ ಪ್ರಮಾಣ, ಮಣ್ಣಿನ ಸಾರಜನಕ ಮುಂತಾಗಿ 25ರವರೆಗೆ ಅಂಶಗಳು. ಅಂದರೆ ಸುಮಾರು 19 ಕೋಟಿ 50 ಲಕ್ಷ ಅಂಕಿಗಳು! ಪ್ರತಿಯೊಂದು ಚೌಕವೂ ಯಾವ ಗುಂಪಿಗೆ ಹತ್ತಿರ ಎಂದು ಅಳೆಯಬೇಕು. ಗುಂಪಿನ ಸರಾಸರಿ ಬದಲಾದೊಡನೆ ಮತ್ತೆ ಅಳೆಯಬೇಕು. ಗುಂಪುಗಳು ನೆಲೆ ನಿಲ್ಲುವವರೆಗೂ ಹೀಗೇ. ಒಂದು ಗಣಕದಿಂದ ಆಗುವ ಮಾತಲ್ಲ.

ದಾರಿಯೇನೋ ಅವರಿಗೆ ತಿಳಿದಿತ್ತು. ಎರಡು ವರ್ಷ ಹಿಂದೆ, 1994ರಲ್ಲಿ, ನಾಸಾದ ಗೊಡ್ಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಎಂಬವರು ಅಂಗಡಿಯಲ್ಲಿ ದೊರೆಯುವಂಥ ಇಂಟೆಲ್ 486 ಜಾತಿಯ 16 ಸಂಸ್ಕಾರಕಗಳನ್ನು ಈಥರ್‌ನೆಟ್ ತಂತಿಯಿಂದ ಜೋಡಿಸಿ ಅಗ್ಗದ ಸಮೂಹವೊಂದನ್ನು ಕಟ್ಟಿದ್ದರು. ಹಳೆಯ ಇಂಗ್ಲಿಷ್ ಕಾವ್ಯವೊಂದರ ನಾಯಕನ ಹೆಸರನ್ನು, ‘ಬಿಯೊವುಲ್ಫ್’ ಎಂದು, ಅದಕ್ಕೆ ಇಟ್ಟಿದ್ದರು. ಆ ನಾಯಕನ ಹಿಡಿತದಲ್ಲಿ ಮೂವತ್ತು ಆಳುಗಳ ಬಲವಿತ್ತಂತೆ! ಅದನ್ನು ನಡೆಸಿದ ತಂತ್ರಾಂಶ ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿ, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟದ್ದು.

ಹಾರ್ಗ್ರೋವ್ ಮತ್ತು ಹಾಫ್‌ಮನ್ ಇಂಥದೇ ಒಂದು ಸಮೂಹಕ್ಕಾಗಿ ಹೊಸ ಪಿ.ಸಿ.ಗಳನ್ನು ಕೊಳ್ಳಲು ಹಣ ಕೇಳಿ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಅವರ ಕಣ್ಣು ಪ್ರಯೋಗಾಲಯದವರು ಹಳತಾಯಿತೆಂದು ಮೂಲೆಗೆ ಸರಿಸಿದ ಗಣಕಗಳ ಮೇಲೆ ಬಿತ್ತು. ಇಂದಲ್ಲ ನಾಳೆ ಗುಜರಿಗೆ ಹೋಗುವಂಥವು. ಅವನ್ನೇ ಒಂದೊಂದಾಗಿ ತಂದು, ಕೆಟ್ಟದ್ದರ ಬಿಡಿಭಾಗ ಕಿತ್ತು ಮತ್ತೊಂದಕ್ಕೆ ಹಾಕಿ, ಲಿನಕ್ಸ್ ತುಂಬಿ, ತಂತಿ ಎಳೆದರು. ಯುರೋಪಿನಲ್ಲಿ ಕಲ್ಲಿನ ಸಾರಿನ ಕಥೆಯೊಂದಿದೆ. ಹಸಿದ ದಾರಿಹೋಕ ಖಾಲಿ ಪಾತ್ರೆಯಲ್ಲಿ ಕಲ್ಲು ಹಾಕಿ ಬೇಯಿಸತೊಡಗುತ್ತಾನೆ. ಕುತೂಹಲದಿಂದ ಬಂದ ಊರಿನವರು ಒಬ್ಬರು ಗಡ್ಡೆ, ಒಬ್ಬರು ಉಪ್ಪು, ಒಬ್ಬರು ಸೊಪ್ಪು ಹಾಕಿ ಕೊನೆಗೆ ಎಲ್ಲರಿಗೂ ಆಗುವಷ್ಟು ಸಾರು ಸಿದ್ಧವಾಗುತ್ತದೆ. ಆ ಕಥೆಯ ನೆನಪಿಗೆ ಇವರ ಯಂತ್ರಕ್ಕೆ ‘ಸ್ಟೋನ್ ಸೂಪರ್ ಕಂಪ್ಯೂಟರ್’ ಎಂದು ಹೆಸರಾಯಿತು. ಅಲ್ಲಿ ‘ಸೂಪ್’ ಎಂಬ ಸಾರೂ ಇದೆ, ‘ಸೂಪರ್’ ಕೂಡ ಇದೆ!

1997ರ ಆರಂಭದಲ್ಲಿ ಅದು ಮೊದಲ ಲೆಕ್ಕ ಮಾಡಿತು. 2001ರ ಹೊತ್ತಿಗೆ ಅದರಲ್ಲಿ 133 ಗಣಕಗಳಿದ್ದವು. ಅವುಗಳಲ್ಲಿ 75 ಹಳೆಯ 486ಗಳು, 53 ಪೆಂಟಿಯಂಗಳು, ಐದು ಮಾತ್ರ ವೇಗದ ಆಲ್ಫಾ ಯಂತ್ರಗಳು. ಅರ್ಧಕ್ಕಿಂತ ಹೆಚ್ಚಿನವು ಲೋಕವೇ ಕೈಬಿಟ್ಟ ಜಾತಿಯವು. ಪರಿಸರ ವಲಯಗಳ ನಕ್ಷೆ ಸಿದ್ಧವಾದದ್ದು ಅವುಗಳಿಂದಲೇ.

ಉಗ್ರಾಣಿಯನ್ನು ಕೂರಿಸುವ ಬಗೆ

ಹತ್ತಾರು ಗಣಕಗಳನ್ನು ಒಂದು ಕೋಣೆಯಲ್ಲಿ ತಂದಿಟ್ಟು ತಂತಿ ಎಳೆದರೆ ಸಮೂಹವಾಗುವುದಿಲ್ಲ. ಕತ್ತಿ ಹಿಡಿದು ಬಂದ ಜನರೆಲ್ಲ ಕೂಡಿದರೆ ಅಡಿಗೆಯಾಗುವುದಿಲ್ಲವಲ್ಲ, ಹಾಗೆ. ಮೊದಲು ಮುಖ್ಯ ಗಣಕವನ್ನು ಅಣಿಗೊಳಿಸಬೇಕು. ಅದಕ್ಕೊಂದು ಕ್ರಮವಿದೆ.

ಮೊದಲನೆಯದು, ಎರಡು ಬಾಗಿಲು. ಮುಖ್ಯ ಗಣಕಕ್ಕೆ ಜಾಲದ ಕಾರ್ಡುಗಳು ಎರಡು ಬೇಕು. ಒಂದರ ತಂತಿ ಹೊರಗಿನ ಜಾಲಕ್ಕೆ, ಇನ್ನೊಂದರದು ‘ಸ್ವಿಚ್’ ಎಂಬ ಪೆಟ್ಟಿಗೆಯ ಮೂಲಕ ಒಳಗಿನ ಗಣಕಗಳಿಗೆ. ಓಕ್ ರಿಜ್‌ನಲ್ಲಿಯೂ ಹೀಗೇ ಮಾಡಿದ್ದರು. ಲೆಕ್ಕ ತರುವ ಜನ ಹೊರಬಾಗಿಲಿಗೆ ಬರುತ್ತಾರೆ. ಒಳಗೆ ದುಡಿಯುವವರನ್ನು ನೇರವಾಗಿ ಯಾರೂ ಮುಟ್ಟುವಂತಿಲ್ಲ. ಒಳಗಿನ ಗಣಕಗಳಿಗೆ 192.168 ಎಂದು ಆರಂಭವಾಗುವಂಥ ಖಾಸಗಿ ವಿಳಾಸಗಳನ್ನು ಕೊಡುವುದು ರೂಢಿ. ಕೇರಿಯೊಳಗಿನ ‘ಮೇಲಿನ ಮನೆ’, ‘ತೋಟದ ಮನೆ’ ಇದ್ದ ಹಾಗೆ. ಕೇರಿಯವರಿಗೆ ಸಾಕಾಗುವ ಗುರುತು. ಹೊರ ಊರಿನವರಿಗೆ ಅದರಿಂದ ದಾರಿ ಸಿಗದು.

ಎರಡನೆಯದು, ಹಾಜರಿ ಪಟ್ಟಿ. ಪ್ರತಿಯೊಂದು ಜಾಲದ ಕಾರ್ಡಿಗೂ ತಯಾರಕರೇ ಕೊಟ್ಟ 48 ಬಿಟ್‌ಗಳ ಒಂದು ಸಂಖ್ಯೆ ಇರುತ್ತದೆ. ಒಳಗಿನ ಗಣಕವೊಂದು ಎಚ್ಚೆತ್ತೊಡನೆ ‘ನಾನು ಯಾರು?’ ಎಂದು ಕೂಗುತ್ತದೆ. ಮುಖ್ಯ ಗಣಕ ತನ್ನ ಪಟ್ಟಿಯಲ್ಲಿ ಆ ಸಂಖ್ಯೆಯನ್ನು ಹುಡುಕಿ, ‘ನಿನ್ನ ಹೆಸರು ಇದು, ವಿಳಾಸ ಇದು’ ಎಂದು ಉತ್ತರಿಸುತ್ತದೆ. ಬೇಕಾದರೆ ಕಾರ್ಯಾಚರಣೆಯ ತಂತ್ರಾಂಶವನ್ನೂ ತಂತಿಯಲ್ಲೇ ಕಳಿಸುತ್ತದೆ. ಹೀಗಾಗಿ ನೂರು ಗಣಕಗಳಿದ್ದರೂ ಒಂದೊಂದರ ಮುಂದೆ ಕುಳಿತು ತಂತ್ರಾಂಶ ತುಂಬುವ ಗೋಳಿಲ್ಲ.

ಮೂರನೆಯದು, ಗಡಿಯಾರ. ಇದು ಚಿಕ್ಕ ಸಂಗತಿ ಎಂದು ಉಪೇಕ್ಷಿಸಿ ಪೇಚಿಗೆ ಸಿಕ್ಕಿದವರು ಬಹಳ. ಒಂದು ಗಣಕದ ಗಡಿಯಾರ ಹತ್ತು ನಿಮಿಷ ಮುಂದಿದ್ದರೆ ಅದು ಬರೆದ ಕಡತ ಉಳಿದವಕ್ಕೆ ‘ಇನ್ನೂ ಹುಟ್ಟದ’ ಕಡತದಂತೆ ಕಾಣುತ್ತದೆ. ಯಾವುದು ಹೊಸದು, ಯಾವುದು ಹಳೆಯದು ಎಂಬ ನಿರ್ಣಯವೇ ಕೆಡುತ್ತದೆ. ಗಣಕಗಳು ಪರಸ್ಪರ ಗುರುತು ತೋರಿಸಲು ಇಂದು ಹಲವು ಸಮೂಹಗಳಲ್ಲಿ ಬಳಸುವ ‘ಮಂಜ್’ ಎಂಬ ತಂತ್ರಾಂಶದ ಗುರುತುಚೀಟಿಗೆ ಸಾಮಾನ್ಯವಾಗಿ ಐದು ನಿಮಿಷವಷ್ಟೇ ಆಯುಸ್ಸು. ಗಡಿಯಾರಗಳ ಅಂತರ ಅದನ್ನು ಮೀರಿದರೆ ಚೀಟಿ ತಿರಸ್ಕೃತ! ಆದ್ದರಿಂದ ಮುಖ್ಯ ಗಣಕ ಹೊರಗಿನಿಂದ ಸರಿಯಾದ ಹೊತ್ತನ್ನು ತಿಳಿದು ಎಲ್ಲಕ್ಕೂ ಸಾರುತ್ತಿರಬೇಕು. ಶಾಲೆಯ ಗಂಟೆ ಒಂದೇ ಆಗಿರಬೇಕು ಎಂಬಂತೆ.

ನಾಲ್ಕನೆಯದು, ಉಗ್ರಾಣ. ಎಲ್ಲ ಗಣಕಗಳಿಗೂ ಒಂದೇ ಕಡತಗಳು ಕಾಣಬೇಕು. ಮುಖ್ಯ ಗಣಕದ ಡಿಸ್ಕಿನ ಒಂದು ಭಾಗವನ್ನು ‘ಎನ್.ಎಫ್.ಎಸ್.’ ಎಂಬ ವ್ಯವಸ್ಥೆಯಿಂದ ಎಲ್ಲರಿಗೂ ತೆರೆದಿಡುತ್ತಾರೆ. ಬಳಕೆದಾರ ತನ್ನ ಲೆಕ್ಕವನ್ನು ಒಮ್ಮೆ ಇಟ್ಟರೆ ಸಾಕು, ಯಾವ ಗಣಕದಿಂದ ನೋಡಿದರೂ ಅದು ಅಲ್ಲೇ ಇರುತ್ತದೆ.

ಐದನೆಯದು, ಬೀಗದ ಕೈ. ಪ್ರತಿ ಗಣಕವೂ ಪ್ರತಿ ಸಲ ಗುಪ್ತಪದ ಕೇಳುತ್ತಿದ್ದರೆ ನೂರು ಗಣಕಗಳಿಗೆ ಕೆಲಸ ಹಂಚುವುದು ಹೇಗೆ? 1995ರಲ್ಲಿ ಹುಟ್ಟಿದ ‘ಎಸ್.ಎಸ್.ಎಚ್.’ ಎಂಬ ವ್ಯವಸ್ಥೆ ಇದಕ್ಕೆ ಜೋಡಿ ಕೀಲಿಗಳನ್ನು ಕೊಟ್ಟಿತು. ಗುಟ್ಟಿನ ಕೀಲಿ ಒಡೆಯನ ಬಳಿ, ಬಹಿರಂಗ ಕೀಲಿ ಪ್ರತಿ ಗಣಕದ ಬಳಿ. ಎರಡೂ ಹೊಂದಿದರೆ ಮಾತಿಲ್ಲದೆ ಬಾಗಿಲು ತೆರೆಯುತ್ತದೆ.

ಆರನೆಯದು, ಸರದಿ. ಹತ್ತು ಜನ ಹತ್ತು ಲೆಕ್ಕ ತಂದರೆ ಯಾವುದು ಮೊದಲು? ಎಷ್ಟು ಗಣಕ ಕೊಡಬೇಕು? ಇದನ್ನು ನಿರ್ಧರಿಸುವ ತಂತ್ರಾಂಶಗಳಲ್ಲಿ 2002ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದಲ್ಲಿ ಮೊದಲು ಹೊರಬಂದ ‘ಸ್ಲರ್ಮ್’ ಬಹಳ ಬಳಕೆಯದು. ಇಲ್ಲಿ ಒಂದು ಕಟ್ಟುನಿಟ್ಟು: ಬಳಕೆದಾರರು ತಮ್ಮ ಭಾರದ ಲೆಕ್ಕವನ್ನು ಮುಖ್ಯ ಗಣಕದ ಮೇಲೇ ನಡೆಸಕೂಡದು. ನಡೆಸಿದರೆ ಉಗ್ರಾಣಿಗಳನ್ನೇ ಎಬ್ಬಿಸಿ ಕುಂಬಳಕಾಯಿ ಹೆಚ್ಚಲು ಕೂರಿಸಿದಂತಾಗುತ್ತದೆ. ಒಂದು ಕಾಯಿ ಬೇಗ ಮುಗಿದೀತು. ಉಳಿದ ಐವತ್ತು ಮಂದಿ ಬರಿಗೈಯಲ್ಲಿ ಕಾಯುತ್ತಾರೆ.

ಇಷ್ಟಾದ ಮೇಲೆ ದೊಡ್ಡ ಲೆಕ್ಕಕ್ಕೆ ಕೈ ಹಾಕಬೇಕೇ? ಇಲ್ಲ. ತಿಳಿದವರು ಮೊದಲು ಅತಿ ಸರಳವಾದ ಆಜ್ಞೆಯೊಂದನ್ನು ಎಲ್ಲ ಗಣಕಗಳಿಗೂ ಕಳಿಸುತ್ತಾರೆ: ‘ನಿನ್ನ ಹೆಸರು ಹೇಳು.’ ಹದಿನಾರು ಗಣಕಗಳಿದ್ದರೆ ಹದಿನಾರು ಹೆಸರು ಹಿಂದೆ ಬರಬೇಕು. ಹದಿನೈದೇ ಬಂದರೆ ತಂತಿ ಸಡಿಲವಾದದ್ದು ಎಲ್ಲಿ, ಪಟ್ಟಿಯಲ್ಲಿ ತಪ್ಪಿದ್ದು ಎಲ್ಲಿ ಎಂದು ಹುಡುಕಬೇಕು. ಪಾಠ ಆರಂಭಿಸುವ ಮೊದಲು ಹಾಜರಿ ಕೂಗುವ ಪದ್ಧತಿ ಸುಮ್ಮನೆ ಬಂದದ್ದಲ್ಲ!

ಸಮಪಾಲು ಮತ್ತು ಸರಿಪಾಲು

ಈಗ ಮುಖ್ಯ ಪ್ರಶ್ನೆ. ಕೆಲಸವನ್ನು ಹಂಚುವುದು ಹೇಗೆ? ಎಲ್ಲರಿಗೂ ಸಮನಾಗಿ ಎಂದು ಥಟ್ಟನೆ ತೋರುತ್ತದೆ. ನ್ಯಾಯವೂ ಅದೇ ಎನಿಸುತ್ತದೆ. ಲೆಕ್ಕ ಹಾಕಿ ನೋಡೋಣ.

ಒಂದು ಚುರುಕಿನ ಗಣಕವಿದೆ. ಗಂಟೆಗೆ ನಾಲ್ಕು ಕಟ್ಟು ಕೆಲಸ ಮುಗಿಸುತ್ತದೆ. ಒಂದು ನಿಧಾನದ ಗಣಕವಿದೆ. ಗಂಟೆಗೆ ಒಂದೇ ಕಟ್ಟು. ಇರುವ ಕೆಲಸ ನೂರು ಕಟ್ಟು. ಸಮಪಾಲು ಮಾಡಿ ಐವತ್ತೈವತ್ತು ಕೊಟ್ಟರೆ ಚುರುಕಿನದು ಹನ್ನೆರಡೂವರೆ ಗಂಟೆಯಲ್ಲಿ ಮುಗಿಸಿ ಸುಮ್ಮನೆ ಕೂರುತ್ತದೆ. ನಿಧಾನದ್ದಕ್ಕೆ 50 ಗಂಟೆ ಬೇಕು. ಒಟ್ಟು ಕೆಲಸ ಮುಗಿಯುವುದು 50 ಗಂಟೆಗೆ. ಚುರುಕಿನ ಗಣಕವೊಂದೇ ಇದ್ದಿದ್ದರೆ? 25 ಗಂಟೆ ಸಾಕಿತ್ತು. ‘ನೋಡಿದಿರಾ, ಈ ಹಳೆಯ ಯಂತ್ರದಿಂದ ಕೆಲಸ ದುಪ್ಪಟ್ಟು ತಡವಾಯಿತು, ಎಸೆಯಿರಿ ಅದನ್ನು’ ಎಂದು ಯಾರಾದರೂ ಹೇಳಿಯಾರು. ಅಂಕಿಗಳು ಅವರ ಪರವಾಗಿಯೇ ಇವೆ.

ಈಗ ಹಂಚುವ ರೀತಿಯನ್ನು ಬದಲಿಸೋಣ. ಇಬ್ಬರಿಗೂ ಒಂದೊಂದೇ ಕಟ್ಟು ಕೊಡುವುದು. ಮುಗಿಸಿ ಬಂದವರಿಗೆ ಮತ್ತೊಂದು. ಚುರುಕಿನದು ನಾಲ್ಕು ಸಲ ಬಂದು ಹೋಗುವಷ್ಟರಲ್ಲಿ ನಿಧಾನದ್ದು ಒಮ್ಮೆ ಬರುತ್ತದೆ. ಗಂಟೆಗೆ ಐದು ಕಟ್ಟಿನಂತೆ ನೂರು ಕಟ್ಟೂ 20 ಗಂಟೆಯಲ್ಲಿ ಮುಗಿಯುತ್ತದೆ. ಎಂಬತ್ತು ಅದರದು, ಇಪ್ಪತ್ತು ಇದರದು. ಚುರುಕಿನ ಗಣಕ ಒಂಟಿಯಾಗಿ ದುಡಿದರೆ ಬೇಕಾಗುತ್ತಿದ್ದ 25 ಗಂಟೆಗಿಂತ ಐದು ಗಂಟೆ ಉಳಿತಾಯ!

ಗಮನಿಸಿ. ಎರಡೂ ಸಲ ಇದ್ದದ್ದು ಅದೇ ನಿಧಾನದ ಗಣಕ. ಅದರ ವೇಗ ಒಂದಿಷ್ಟೂ ಹೆಚ್ಚಲಿಲ್ಲ. ಮೊದಲನೆಯ ಸಲ ಅದು ಹೊರೆ. ಎರಡನೆಯ ಸಲ ಆಸರೆ. ಬದಲಾದದ್ದು ಹಂಚಿದವರ ಬುದ್ಧಿ ಮಾತ್ರ.

ಓಕ್ ರಿಜ್‌ನಲ್ಲಿ ನಡೆದದ್ದು ಇದೇ. ಅವರ ಸಮೂಹ ಒಂದು ಬಗೆಯ ಗಣಕಗಳದ್ದಾಗಿರಲಿಲ್ಲ. 486ರ ಪಕ್ಕದಲ್ಲಿ ಪೆಂಟಿಯಂ, ಅದರಾಚೆ ಆಲ್ಫಾ. ಸಮಪಾಲು ಮಾಡಿದ್ದರೆ ಆಲ್ಫಾಗಳು 486ಗಳ ದಾರಿ ಕಾಯುತ್ತ ಕೂರಬೇಕಿತ್ತು. ಆದ್ದರಿಂದ ಒಂದು ಗಣಕ ಯಜಮಾನನಾಗಿ ಕೆಲಸವನ್ನು ತುಣುಕುಗಳಾಗಿ ಹಂಚುವಂತೆ, ಬೇಗ ಮುಗಿಸಿದವಕ್ಕೆ ಬೇಗ ಮತ್ತೊಂದು ತುಣುಕು ಸಿಗುವಂತೆ ತಂತ್ರಾಂಶ ಬರೆದರು. 1994ರಲ್ಲಿ ರೂಪುಗೊಂಡ ‘ಎಂ.ಪಿ.ಐ.’ ಎಂಬ ಸಂದೇಶ ವಿನಿಮಯದ ನಿಯಮಾವಳಿ ಇದಕ್ಕೆ ಭಾಷೆಯಾಯಿತು. ಮೂಲೆ ಸೇರಿದ್ದ 75 ಯಂತ್ರಗಳು ಹೀಗೆ ತಮ್ಮ ತಮ್ಮ ಪಾಲನ್ನು ಸಲ್ಲಿಸಿದವು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ತುಣುಕು ತೀರ ಚಿಕ್ಕದಾದರೆ ಕೆಲಸಕ್ಕಿಂತ ಓಡಾಟವೇ ಹೆಚ್ಚಾಗುತ್ತದೆ. ಒಂದೊಂದೇ ಬೀನ್ಸು ಕೊಟ್ಟು ಕಳಿಸಿದರೆ ಉಗ್ರಾಣದ ಬಾಗಿಲಲ್ಲಿ ನೂಕುನುಗ್ಗಲು. ತೀರ ದೊಡ್ಡದಾದರೆ ಕೊನೆಯಲ್ಲಿ ಒಬ್ಬರಿಗಾಗಿ ಎಲ್ಲರೂ ಕಾಯಬೇಕು. ಹದ ತಿಳಿಯಬೇಕಾದದ್ದು ಇಲ್ಲೇ.

ಕೊಪ್ಪರಿಗೆಯ ಮಿತಿ

ಹಾಗಾದರೆ ಗಣಕಗಳನ್ನು ಸೇರಿಸುತ್ತ ಹೋದಂತೆ ವೇಗ ಹೆಚ್ಚುತ್ತಲೇ ಹೋಗುವುದೇ? ಇಲ್ಲ. 1967ರಲ್ಲಿ ಜೀನ್ ಆಮ್ಡಾಲ್ ಎಂಬ ಗಣಕ ತಜ್ಞ ಇದಕ್ಕೊಂದು ಮಿತಿಯನ್ನು ತೋರಿಸಿದ. ತರಕಾರಿಯನ್ನು ಐವತ್ತು ಜನ ಹೆಚ್ಚಬಹುದು. ಆದರೆ ಹುಳಿ ಕುದಿಯುವುದು ಒಂದೇ ಕೊಪ್ಪರಿಗೆಯಲ್ಲಿ. ನೂರು ಗಂಟೆಯ ಲೆಕ್ಕದಲ್ಲಿ ಹಂಚಲಾಗದ ಭಾಗ ಐದು ಗಂಟೆಯದು ಎನ್ನಿ. ನೂರು ಗಣಕಗಳಿದ್ದರೆ ಉಳಿದ 95 ಗಂಟೆಯ ಕೆಲಸ ಒಂದು ಗಂಟೆಯೊಳಗೆ ಮುಗಿದು, ಒಟ್ಟು ಸುಮಾರು ಆರು ಗಂಟೆಯಾಗುತ್ತದೆ. ಸಾವಿರ ಗಣಕ ತಂದರೂ ಐದು ಗಂಟೆಗಿಂತ ಕೆಳಗೆ ಇಳಿಯದು. ಇಪ್ಪತ್ತು ಪಟ್ಟು ವೇಗವೇ ಅದರ ಕೊನೆ. ಟ್ಯೂಷನ್ನಿನ ಮೇಲೆ ಟ್ಯೂಷನ್ನು ಸೇರಿಸುತ್ತ ಹೋಗುವ ಪೋಷಕರೂ ಈ ಲೆಕ್ಕವನ್ನೊಮ್ಮೆ ನೆನೆಯಬಹುದು. ಕುಳಿತು ತಾನೇ ಓದಿ ಅರಗಿಸಿಕೊಳ್ಳಬೇಕಾದ ಒಂದಷ್ಟು ಹೊತ್ತನ್ನು ಮಗುವಿನ ಪರವಾಗಿ ಬೇರೆ ಯಾರೂ ಹಂಚಿಕೊಳ್ಳಲಾರರು.

ಇನ್ನೊಂದು ತೊಡಕು. ಉಗ್ರಾಣಿಗಳಿಗೇ ಜ್ವರ ಬಂದರೆ? ಒಳಗಿನ ಗಣಕವೊಂದು ಕೆಟ್ಟರೆ ಅದರ ಪಾಲನ್ನು ಬೇರೆಯದಕ್ಕೆ ಕೊಡುವಂತೆ ವ್ಯವಸ್ಥೆ ಮಾಡಬಹುದು. ಇರುವ ಒಂದೇ ಮುಖ್ಯ ಗಣಕ ನಿಂತರೆ ಪಟ್ಟಿಯಿಲ್ಲ, ಸರದಿಯಿಲ್ಲ, ಉಗ್ರಾಣವಿಲ್ಲ; ಆರೋಗ್ಯವಾಗಿರುವ ನೂರು ಗಣಕಗಳೂ ದಿಕ್ಕು ತೋಚದೆ ನಿಲ್ಲುತ್ತವೆ. ಆದ್ದರಿಂದಲೇ ದೊಡ್ಡ ಸಮೂಹಗಳಲ್ಲಿ ಇದಕ್ಕೊಂದು ಜೊತೆಯನ್ನು ಇಡುತ್ತಾರೆ.

ಇದಕ್ಕೆ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಗಣಕಗಳಿಗೆ ಕೆಲಸ ಹಂಚಿ ದುಡಿಸುವ ವಿದ್ಯೆ ಆ ಊರಿಗೆ ಹೊಸದೂ ಅಲ್ಲ. ಗಾಳಿಯ ಹರಿವಿನ ಲೆಕ್ಕಗಳಿಗಾಗಿ ಎನ್.ಎ.ಎಲ್. ಪ್ರಯೋಗಾಲಯದಲ್ಲಿ 1986ರಲ್ಲೇ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕ ರೂಪುಗೊಂಡಿತ್ತು. ಅಲ್ಲಿಂದ ಮೂರೂವರೆ ದಶಕದ ಬಳಿಕ, 2022ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಪರಮ್ ಪ್ರವೇಗ’ ಸ್ಥಾಪನೆಯಾಯಿತು. ಅದರ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್, ಎಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಅದರಲ್ಲಿ ದುಡಿಯುವ ಗಣಕಗಳು 624. ಅವೂ ಒಂದೇ ಬಗೆಯವಲ್ಲ. ಅವುಗಳ ಮೇಲೆ ಯಜಮಾನಿಕೆಯ ಗಣಕಗಳು ಎರಡು. ಓಕ್ ರಿಜ್‌ನ ಗುಜರಿ ಸಮೂಹಕ್ಕೂ ಈ ಮಹಾಯಂತ್ರಕ್ಕೂ ಬಲದಲ್ಲಿ ಅಜಗಜಾಂತರ. ಆದರೆ ಎರಡರ ಕಟ್ಟಡದ ಹಿಂದೆ ಇರುವ ಉಪಾಯ ಒಂದೇ. 2017ರ ನವೆಂಬರಿನಿಂದ ಜಗತ್ತಿನ ಮೊದಲ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯನ್ನು ಪೂರ್ತಿಯಾಗಿ ಆವರಿಸಿರುವುದೂ ಆ ಲಿನಕ್ಸ್ ಮನೆತನವೇ.

ಮಾಣಿಯ ಎರಡು ಹಿಡಿ ಬೀನ್ಸು

ಇದೆಲ್ಲ ದೊಡ್ಡವರ ಆಟ ಎಂದು ವಿದ್ಯಾರ್ಥಿಗಳು ಕೈಚೆಲ್ಲಬೇಕಾಗಿಲ್ಲ. 2012ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಸೈಮನ್ ಕಾಕ್ಸ್ ಮತ್ತು ಸಂಗಡಿಗರು ‘ರಾಸ್‌ಬೆರಿ ಪೈ’ ಎಂಬ, ಅಂಗೈಯಲ್ಲಿ ಹಿಡಿಸುವ 64 ಪುಟ್ಟ ಗಣಕಗಳನ್ನು ಸೇರಿಸಿ ಸಮೂಹ ಕಟ್ಟಿದರು. ಅವನ್ನೆಲ್ಲ ಸಾಲಾಗಿ ಕೂರಿಸಲು ಒಂದು ಚೌಕಟ್ಟು ಬೇಕಿತ್ತು. ಅದನ್ನು ಲೆಗೋ ಆಟಿಕೆಯ ತುಣುಕುಗಳಿಂದ ಕಟ್ಟಲು ನೆರವಾದದ್ದು ಆ ಪ್ರಾಧ್ಯಾಪಕರ ಆರು ವರ್ಷದ ಮಗ! ಎಂ.ಪಿ.ಐ. ಅರಿಯದ ಹುಡುಗನಿಗೆ ತಾನು ಮಾಡಬಲ್ಲ ತುಣುಕೊಂದು ದೊರೆತಿತ್ತು. ಶಾಲೆಗಳ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿರುವ ನಾಲ್ಕು ಹಳೆಯ ಗಣಕಗಳಿದ್ದರೆ, ಒಂದು ಸ್ವಿಚ್ಚು, ಒಂದಿಷ್ಟು ತಂತಿ, ಹಣವಿಲ್ಲದೆ ಸಿಗುವ ಲಿನಕ್ಸ್, ಇವುಗಳಿಂದ ಇಂದೂ ಪುಟ್ಟ ಸಮೂಹವೊಂದನ್ನು ಕಟ್ಟಿ ನೋಡಬಹುದು. ಅದು ಜಗತ್ತಿನ ಪಟ್ಟಿಗೆ ಸೇರದು. ಆದರೆ ‘ನಿನ್ನ ಹೆಸರು ಹೇಳು’ ಎಂದಾಗ ನಾಲ್ಕು ಹೆಸರು ಮರಳಿ ಬರುವ ಗಳಿಗೆಯ ಸಂತೋಷ ಚಿಕ್ಕದಲ್ಲ.

ತರಗತಿಯೆಂಬುದೂ ಬಗೆಬಗೆಯ ಯಂತ್ರಗಳ ಸಮೂಹದಂತೆ ಕಾಣುತ್ತದೆ. ಒಬ್ಬಳು ಲೆಕ್ಕವನ್ನು ಓದುವಷ್ಟರಲ್ಲಿ ಬಿಡಿಸುತ್ತಾಳೆ. ಇನ್ನೊಬ್ಬನಿಗೆ ಪ್ರಶ್ನೆಯನ್ನು ಎರಡು ಸಲ ಓದಬೇಕು. ಇಬ್ಬರಿಗೂ ಒಂದೇ ಹೊತ್ತಿನಲ್ಲಿ ಒಂದೇ ಹೊರೆ ಹೊರಿಸಿ, ಕೊನೆಗೆ ಅವನನ್ನು ತೋರಿಸಿ ‘ಇವನಿಂದಲೇ ತಡವಾಯಿತು’ ಎನ್ನುವುದು ಸುಲಭ. ಅಂಕಪಟ್ಟಿಯೂ ಹಾಗೆಯೇ ಹೇಳೀತು. ಪಕ್ಕದ ಮನೆಯ ಮಗುವಿನ ಅಂಕಗಳನ್ನು ತಮ್ಮ ಮಗುವಿನ ಮುಂದೆ ಹಿಡಿಯುವ ತಂದೆತಾಯಿಯರೂ ಮಾಡುವುದು ಸಮಪಾಲಿನ ಲೆಕ್ಕವನ್ನೇ. ಆದರೆ ಆ ಲೆಕ್ಕದಲ್ಲಿ ಕೆಟ್ಟದ್ದು ಯಂತ್ರವೋ, ಹಂಚಿಕೆಯೋ?

ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಮಕ್ಕಳು ಗಣಕಗಳಲ್ಲ. 486 ಯಂತ್ರದ ವೇಗ ಅದು ಹುಟ್ಟಿದ ದಿನ ಎಷ್ಟೋ ಗುಜರಿಗೆ ಹೋಗುವ ದಿನವೂ ಅಷ್ಟೇ. ಅದಕ್ಕೆ ಎಷ್ಟು ಕಟ್ಟು ಕೊಟ್ಟರೂ ಅದು ಪಳಗುವುದಿಲ್ಲ. ಮಾಣಿಯ ಕೈ ಹಾಗಲ್ಲ. ಮೊದಲ ಎರಡು ಹಿಡಿ ಬೀನ್ಸು ಮುಗಿಸಲು ಅವನಿಗೆ ಅರ್ಧ ಗಂಟೆ ಹಿಡಿದೀತು. ಮುಗಿಸಿ ಬಂದವನಿಗೆ ಉಗ್ರಾಣಿಗಳು ಇನ್ನೂ ಎರಡು ಹಿಡಿ ಕೊಡುತ್ತಾರೆ. ಅದಕ್ಕೆ ಅಷ್ಟು ಹೊತ್ತು ಬೇಡ. ಮರುವರ್ಷದ ಮದುವೆಗೆ ಅವನಿಗೆ ತೊಂಡೆಕಾಯಿಯ ರಾಶಿ ಸಿಗುತ್ತದೆ. ಇನ್ನಷ್ಟು ವರ್ಷ ಕಳೆದ ಮೇಲೆ, ಎಲ್ಲರಿಗಿಂತ ಮುಂದೆ ಕುಳಿತು ಮೆಟ್ಟುಗತ್ತಿಯಲ್ಲಿ ಬೂದುಗುಂಬಳ ಸೀಳುವವನು ಅವನೇ ಆಗಿರಬಹುದು. ಅಥವಾ, ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು ಬಾಗಿಲಲ್ಲಿ ಕುಳಿತು, ‘ನಂಗೂ ಕೊಡಿ’ ಎಂದು ಬಂದ ಇನ್ನೊಬ್ಬ ಮಾಣಿಯ ಮುಂದೆ ಎರಡು ಹಿಡಿ ಬೀನ್ಸು ಇಡುವವನು.

ಬೆಳಗಾಗುವ ಹೊತ್ತಿಗೆ ತರಕಾರಿಯೆಲ್ಲ ಹೆಚ್ಚಿ ಮುಗಿದಿರುತ್ತದೆ. ಮಧ್ಯಾಹ್ನದ ಪಂಕ್ತಿಯಲ್ಲಿ ಕೂತವರ ಎಲೆಗೆ ಪಲ್ಯ ಬೀಳುತ್ತದೆ. ಅದರಲ್ಲಿ ಯಾರ ಕೈಯ ಬೀನ್ಸು ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ಆದರೆ ಪಂಕ್ತಿಯ ತುದಿಯಲ್ಲಿ ಕುಳಿತ ಮಾಣಿಗೆ ಮಾತ್ರ ಗೊತ್ತಿರುತ್ತದೆ, ಅದರಲ್ಲಿ ತನ್ನದೂ ಇದೆ ಎಂದು.